ಒಂದು ಲ್ಯಾಬಲ್ಲಿ ಥೈರಾಯ್ಡ್ ಜಾಸ್ತಿ, ಇನ್ನೊಂದ್ರಲ್ಲಿ ನಾರ್ಮಲ್: ಯಾವ್ದನ್ನ ನಂಬೋದು?

ಪ್ರಶ್ನೆ: ಡಾಕ್ಟ್ರೇ, ನಂಗೆ 34 ವರ್ಷ, ಮುಂಬೈ ಹತ್ರ ಡೊಂಬಿವ್ಲಿಲಿ ಇದೀನಿ. ಆಫೀಸ್ ಚೆಕಪ್‌ನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳೋ ಹಾರ್ಮೋನ್, ಥೈರಾಯ್ಡ್ ಜಾಸ್ತಿ ಆದ್ರೆ ಇದು ಇಳಿಯತ್ತೆ) 0.08 ಬಂತು, ಅಂದ್ರೆ ತೀರಾ ಕಮ್ಮಿ, ಫ್ರೀ ಟಿ4 (ಥೈರಾಯ್ಡ್ ಗ್ರಂಥಿ ಮಾಡೋ ಹಾರ್ಮೋನ್) ಜಾಸ್ತಿ. ಎದೆ ಡವಡವ ಇಲ್ಲ, ತೂಕನೂ ಇಳ್ದಿಲ್ಲ. ಆಮೇಲೆ ಠಾಣೆಲಿ ಬೇರೆ ಲ್ಯಾಬಲ್ಲಿ ಮಾಡಿಸಿದ್ರೆ ಎಲ್ಲಾ ನಾರ್ಮಲ್! ಮೊದ್ಲಿನವ್ರು ಸ್ಯಾಂಪಲ್ ಅದಲು ಬದಲು ಮಾಡಿದ್ರಾ? ಅಂದ ಹಾಗೆ ಕೂದ್ಲು ಉದುರತ್ತೆ ಅಂತ 10 ಮಿಲಿಗ್ರಾಂ ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ ತಗೋತೀನಿ, ಬೇರೆ ಔಷಧಿ ಏನೂ ಇಲ್ಲ.

ಉತ್ತರ: ಕೊನೇಲಿ ‘ಅಂದ ಹಾಗೆ’ ಅಂತ ಬರೆದ್ರಲ್ಲ, ನಂಗೆ ಬೇಕಾಗಿದ್ದು ಅದೇ. ಸ್ಯಾಂಪಲ್ ಅದಲು ಬದಲು ಆಗಿರೋಕೂ ಸಾಧ್ಯ, ಆದ್ರೆ ನನ್ನ ಅನುಮಾನ ಆ ಮಾತ್ರೆ ಮೇಲೆ.

ರಕ್ತದಲ್ಲಿ ಹಾರ್ಮೋನ್ ಇರೋದೇ ಚೂರೇ ಚೂರು, ಅದನ್ನ ಹಿಡಿಯೋಕೆ ಅದಕ್ಕೇ ಅಂಟೋ ಪ್ರೋಟೀನ್, ಅಂದ್ರೆ ಆಂಟಿಬಾಡಿ ಬೇಕು (ಇನ್ಸುಲಿನ್‌ನ ಹೀಗೆ ಅಳೆದು ತೋರಿಸಿದ ಅಮೆರಿಕದ ವಿಜ್ಞಾನಿ ರೊಸಾಲಿನ್ ಯಾಲೋಗೆ 1977ರಲ್ಲಿ ನೊಬೆಲ್ ಬಂತು, ಆಗ ರೇಡಿಯೋಆಕ್ಟಿವ್ ಲೇಬಲ್, ಈಗ ಹೆಚ್ಚಾಗಿ ಬೆಳಕು). ಟಿಎಸ್‌ಎಚ್‌ಗೆ ಎರಡು ಆಂಟಿಬಾಡಿ ಆ ಕಡೆ ಈ ಕಡೆ ಅಂಟ್ಕೊಳ್ಳತ್ತೆ, ಒಂದಕ್ಕೆ ಬೆಳಕು ಕೊಡೋ ಲೇಬಲ್, ಇನ್ನೊಂದಕ್ಕೆ ಎಷ್ಟೋ ಮಶೀನ್‌ಗಳಲ್ಲಿ ಬಯೋಟಿನ್ ಕಟ್ಟಿರ್ತಾರೆ, ಅದು ಸ್ಟ್ರೆಪ್ಟಾವಿಡಿನ್ (ಬಯೋಟಿನ್ ಹಿಡ್ಕೊಳ್ಳೋ ಪ್ರೋಟೀನ್) ಹಚ್ಚಿದ ಸಣ್ಣ ಮಣಿ ಮೇಲೆ ಹೋಗಿ ಗಟ್ಟಿಯಾಗಿ ಕೂರತ್ತೆ, ಮಿಕ್ಕಿದ್ದನ್ನ ತೊಳೆದು ಬೆಳಕು ಎಷ್ಟಿದೆ ನೋಡ್ತಾರೆ. ನಿಮ್ಮ ರಕ್ತದಲ್ಲೇ ಮಾತ್ರೆಯ ಬಯೋಟಿನ್ ಓಡಾಡ್ತಿದ್ರೆ? ಕಲ್ಯಾಣದಿಂದ್ಲೇ ತುಂಬ್ಕೊಂಡು ಬಂದ ಫಾಸ್ಟ್ ಲೋಕಲ್ ಟ್ರೇನ್ ಥರ, ಮಣಿ ಮೇಲಿನ ಸೀಟೆಲ್ಲ ಮೊದ್ಲೇ ಭರ್ತಿ. ಟಿಎಸ್‌ಎಚ್ ಹಿಡಿದ ಆಂಟಿಬಾಡಿ ತೊಳೆದು ಹೋಗತ್ತೆ, ಬೆಳಕು ಕಮ್ಮಿ, ನಂಬರ್ ಕಮ್ಮಿ. ಫ್ರೀ ಟಿ4 ಪೈಪೋಟಿ ಥರದ ಟೆಸ್ಟ್ (ರಕ್ತದ ಹಾರ್ಮೋನೂ ಲ್ಯಾಬಿನವ್ರು ಸೇರ್ಸಿದ ನಕಲೂ ಒಂದೇ ಆಂಟಿಬಾಡಿಗೆ ಪೈಪೋಟಿ ಮಾಡತ್ತೆ), ಅಲ್ಲಿ ಲೆಕ್ಕ ಉಲ್ಟಾ, ಬೆಳಕು ಕಮ್ಮಿ ಆದ್ರೆ ಹಾರ್ಮೋನ್ ಜಾಸ್ತಿ ಅಂತ ತೋರ್ಸತ್ತೆ. ಎರಡೂ ಸೇರಿದ್ರೆ ನೋಡೋಕೆ ಥೇಟ್ ಗ್ರೇವ್ಸ್ ಕಾಯಿಲೆ (ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡೋ ಕಾಯಿಲೆ)! ಅದನ್ನ ಖಾತ್ರಿ ಮಾಡೋಕೆ ರೋಗಿಯ ದೇಹದ್ದೇ ಆಂಟಿಬಾಡಿ ನೋಡೋ ಟೆಸ್ಟೂ ಕೆಲವೊಮ್ಮೆ ಇದೇ ಕಾರಣಕ್ಕೆ ಸುಳ್ಳು ಪಾಸಿಟಿವ್ ಬರತ್ತೆ. ಎಲ್ಲಾ ಕಂಪನಿ ಮಶೀನೂ ಈ ಬಯೋಟಿನ್ ಕೊಂಡಿ ಬಳಸಲ್ಲ, ಠಾಣೆ ರಿಪೋರ್ಟ್ ಬೇರೆ ಬಂದಿದ್ದು ಅದಕ್ಕೇ ಇರಬಹುದು.

ದಿನಕ್ಕೆ ಬೇಕಾಗಿರೋದು ಸುಮಾರು 30 ಮೈಕ್ರೋಗ್ರಾಂ, ನೀವು ತಗೋತಿರೋದು ಅದರ 300 ಪಟ್ಟಿಗಿಂತ ಜಾಸ್ತಿ. ಕೂದ್ಲಿಗೆ ಅಷ್ಟೆಲ್ಲ ಬೇಕೇ ಬೇಕಾ ಅನ್ನೋದು ಬೇರೆ ಮಾತು ಬಿಡಿ.

ಕಮ್ಮಿ ಅಂದ್ರೂ ಎರಡು ದಿನ ಮಾತ್ರೆ ನಿಲ್ಸಿ, ಮೊದ್ಲಿನ ಲ್ಯಾಬಲ್ಲೇ ಮತ್ತೆ ಕೊಡಿ, ರಕ್ತ ತೆಗೆಯೋರಿಗೂ ಹೇಳಿ. ಆಗ್ಲೂ ಟಿಎಸ್‌ಎಚ್ ಕಮ್ಮಿ ಬಂದ್ರೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟ್ರು) ಹತ್ರ ಹೋಗ್ಲೇಬೇಕು, ಅಲ್ಲೀವರೆಗೆ ಮೊದಲ ರಿಪೋರ್ಟ್ ನೋಡ್ಕೊಂಡು ಯಾರೇ ಕಾರ್ಬಿಮಜೋಲ್ (ಥೈರಾಯ್ಡ್ ತಗ್ಗಿಸೋ ಔಷಧಿ) ಬರ್ಕೊಟ್ರೂ ಬಯೋಟಿನ್ ವಿಷ್ಯ ತಿಳಿಸದೆ ಶುರು ಮಾಡ್ಬೇಡಿ. ಮನೇಲಿ ಬೇರೆ ಯಾರಾದ್ರೂ ಇದೇ ಮಾತ್ರೆ ನುಂಗ್ತಿದ್ರೆ, ಎದೆನೋವು ಅಂತ ಕ್ಯಾಶುಯಾಲ್ಟಿಗೆ ಹೋದಾಗ್ಲೂ ಹೇಳ್ಬೇಕು, ಹಾರ್ಟ್ ಅಟ್ಯಾಕ್ ಹಿಡಿಯೋ ಟ್ರೋಪೋನಿನ್ ಟೆಸ್ಟ್ ಹೀಗೇ ತಪ್ಪಾಗಿ ಕಮ್ಮಿ ಬಂದು ಒಬ್ರು ತೀರ್ಕೊಂಡಿದ್ದನ್ನ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಎಚ್ಚರಿಕೆಯಲ್ಲೇ ಹೇಳಿದೆ.