ಮಂಡಕ್ಕಿ ಪೊಟ್ಟಣದಲ್ಲಿ ಬಂದ ಶುಕ್ರಗ್ರಹ

ಓದುಗರ ಪ್ರಶ್ನೆ, ಡ್ರಾಯಿಂಗ್ ಮೇಷ್ಟ್ರ ಉತ್ತರ

ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ಬ್ರಿಟನ್ನಿನ ಹಳೇ ಸೈನ್ಸ್ ಫಿಕ್ಷನ್ ಕಾಮಿಕ್ಸ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ನಮ್ಮ ಕಡೆಯವರೇ ಜಾಸ್ತಿ ಪತ್ರ ಬರೆದಿದ್ದಾರೆ. ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನಷ್ಟೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ಕಾಮಿಕ್ಸ್ ಅಂದರೆ ನಮಗೆ ಗೊತ್ತಿರುವುದು ಅಮೆರಿಕದ ಸೂಪರ್ ಹೀರೋಗಳು. ಬ್ರಿಟನ್ನಿಗೂ ಅದರದ್ದೇ ಕಾಮಿಕ್ಸ್ ಇತ್ತಾ? ದಾವಣಗೆರೆಯಲ್ಲಿ ಬೆಳೆದ ನಿಮಗೆ ಅದು ಎಲ್ಲಿ ಸಿಕ್ಕಿತು?
(ಬಿ.ಎ. ವಿದ್ಯಾರ್ಥಿನಿ, ದಾವಣಗೆರೆ)

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ ಮಗಳೇ. ಮಂಡಕ್ಕಿ ಪೊಟ್ಟಣದಲ್ಲಿ ಸಿಕ್ಕಿತು.

ನಮ್ಮಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಬಟವಾಡೆ ದಿನ ಮನೆಗೆ ಬರುವಾಗ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದರು. 1970ರ ಮಾತು. ನನಗೆ 11 ವರ್ಷ. ಆಗ ಹೊರದೇಶದ ರದ್ದಿ ಪೇಪರ್ ಬಂಡಲ್‌ಗಟ್ಟಲೆ ಅಂಗಡಿಗಳಿಗೆ ಬರುತ್ತಿತ್ತು. ಒಂದು ಸಂಜೆ ಪೊಟ್ಟಣ ಬಿಚ್ಚಿದರೆ ಹಾಳೆ ತುಂಬ ಬಣ್ಣದ ಚಿತ್ರ. ಹಸಿರು ಮೈಯವನೊಬ್ಬ. ತಲೆ ಕುಂಬಳಕಾಯಿಯಷ್ಟು, ಮೈಕೈ ಹಸುಗೂಸಿನಷ್ಟು. ಗಾಳಿಯಲ್ಲಿ ತೇಲುವ ಪುಟ್ಟ ಪೀಠದ ಮೇಲೆ ಕೂತಿದ್ದಾನೆ. ಅವನೆದುರು ಹುಬ್ಬು ಡೊಂಕಾಗಿರುವ ಒಬ್ಬ ಮಿಲಿಟರಿಯವನು. ನನಗೆ ಇಂಗ್ಲಿಷಿನಲ್ಲಿ ನಾಲ್ಕು ಪದ ಬಂದರೆ ಹೆಚ್ಚು. ಆದರೂ ಆ ಹಸಿರು ಮನುಷ್ಯ ಬುದ್ಧಿವಂತ, ಅವನಿಗೆ ಯಾರ ಮೇಲೂ ಪ್ರೀತಿ ಇಲ್ಲ ಅನ್ನುವುದು ನೋಡಿದ ಕೂಡಲೇ ತಿಳಿಯಿತು. ಅಷ್ಟು ಚೆನ್ನಾಗಿ ಬರೆದಿದ್ದರು. ಮಾರನೇ ದಿನ ಅಂಗಡಿಗೆ ಓಡಿದೆ. ಅಂಥವೇ ಇನ್ನೂ ನಾಲ್ಕು ಹಾಳೆ ಹುಡುಕಿ ಕೊಟ್ಟರು, ಕಾಸು ತಗೊಳ್ಳಲಿಲ್ಲ. ಎಣ್ಣೆ ಹತ್ತಿದ ಮೊದಲನೇ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಆ ಚಿತ್ರದಲ್ಲಿದ್ದ ಇಬ್ಬರ ಹೆಸರು ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೆದಕುವಾಗ. ಹಸಿರು ಮೈಯವನು ಮೆಕಾನ್, ಶುಕ್ರಗ್ರಹದ ಟ್ರೀನ್ ಜನರ ಒಡೆಯ. ಡೊಂಕು ಹುಬ್ಬಿನವನು ಡ್ಯಾನ್ ಡೇರ್, ಭವಿಷ್ಯದ ಪೈಲಟ್. ಅವರು ಬರುತ್ತಿದ್ದ ಪತ್ರಿಕೆಯ ಹೆಸರು 'ಈಗಲ್', ಬ್ರಿಟನ್ನಿನದ್ದೇ. ನಿನ್ನ ಮೊದಲ ಪ್ರಶ್ನೆಗೆ ಉತ್ತರ ಇದೇ.

'ಈಗಲ್' ಶುರುವಾಗಿದ್ದು 1950ರ ಏಪ್ರಿಲ್ 14ರಂದು. ಶುರು ಮಾಡಿದವರು ಮಾರ್ಕಸ್ ಮಾರಿಸ್ ಎಂಬ ಪಾದ್ರಿ. ಅಮೆರಿಕದಿಂದ ಬರುತ್ತಿದ್ದ ಭಯಾನಕ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತಿವೆ ಅಂತ ಅವರಿಗೆ ಸಂಕಟ. ಬೈದು ಸುಮ್ಮನಾಗಲಿಲ್ಲ, ಅದಕ್ಕಿಂತ ಒಳ್ಳೆಯದನ್ನು ಮಾಡಿ ತೋರಿಸಿದರು. ಅವರ ಜೊತೆ ನಿಂತ ಕಲಾವಿದ ಫ್ರಾಂಕ್ ಹ್ಯಾಂಪ್ಸನ್. ಮೊದಲ ಸಂಚಿಕೆಯೇ ಸುಮಾರು 9 ಲಕ್ಷ ಪ್ರತಿ ಖರ್ಚಾಯಿತು.

ಮೊದಲ ಕಥೆಯಲ್ಲಿ ಡ್ಯಾನ್ ಡೇರ್ ಶುಕ್ರಗ್ರಹಕ್ಕೆ ಯಾಕೆ ಹೋಗುತ್ತಾನೆ ಗೊತ್ತಾ? ಅನ್ನಕ್ಕಾಗಿ. ಭೂಮಿಯಲ್ಲಿ ಊಟಕ್ಕೆ ಕೊರತೆ ಬಿದ್ದಿದೆ, ಅಲ್ಲೇನಾದರೂ ಬೆಳೆಯಲು ಆಗುತ್ತದಾ ನೋಡಬೇಕು. ಆ ಕಥೆ ಓದುತ್ತಿದ್ದ ಬ್ರಿಟನ್ನಿನ ಮಕ್ಕಳ ಮನೆಯಲ್ಲೂ ರೇಷನ್ ಪುಸ್ತಕ ಇತ್ತು. ಮಹಾಯುದ್ಧ ಮುಗಿದು 5 ವರ್ಷವಾಗಿದ್ದರೂ ಅಲ್ಲಿ ರೇಷನ್ ನಿಂತಿರಲಿಲ್ಲ. ಮಿಠಾಯಿ ಮೇಲಿನ ರೇಷನ್ ಹೋಗಿದ್ದು 1953ರಲ್ಲಿ, ಮಾಂಸದ್ದು 1954ರಲ್ಲಿ. ಸೊಸೈಟಿ ಮುಂದೆ ಚೀಲ ಹಿಡಿದು ಸಾಲಲ್ಲಿ ನಿಂತು ಬೆಳೆದವನು ನಾನು. ಇದನ್ನು ಓದಿದಾಗ ಆ ಮಕ್ಕಳು ನಮ್ಮ ಓಣಿಯವರೇ ಅನ್ನಿಸಿತು.

ಇನ್ನು ಚಿತ್ರದ ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಹ್ಯಾಂಪ್ಸನ್ ಅವರ ಮೊದಲ ಸ್ಟುಡಿಯೋ ಸೌತ್‌ಪೋರ್ಟ್ ಊರಿನ ಒಂದು ಹಳೇ ಬೇಕರಿ. ವಾರಕ್ಕೆ ಎರಡು ಪುಟ ಕೊಡಬೇಕು. ಅದಕ್ಕಾಗಿ ರಾಕೆಟ್ಟುಗಳ ಮಾದರಿ ಕಟ್ಟಿಸಿದರು. ಬೆಳಕು ಎಲ್ಲಿ ಬೀಳುತ್ತದೆ, ನೆರಳು ಯಾವ ಕಡೆ ಅಂತ ನೋಡಲು ತಲೆಗಳ ಮಾದರಿಯನ್ನೂ ಮಾಡಿಸಿದರು. ಸಹಾಯಕರನ್ನು ಒಂದೊಂದು ಭಂಗಿಯಲ್ಲಿ ನಿಲ್ಲಿಸಿ ಫೋಟೋ ತೆಗೆದು, ಅದನ್ನು ನೋಡಿಕೊಂಡು ಬರೆದರು. ಡ್ಯಾನ್ ಡೇರ್‌ನ ಮೇಲಧಿಕಾರಿ ಸರ್ ಹ್ಯೂಬರ್ಟ್ ಇದ್ದಾನಲ್ಲ, ಆ ಮುಖ ಹ್ಯಾಂಪ್ಸನ್ ಅವರ ಅಪ್ಪನದ್ದೇ. ಶುರುವಿನ ದಿನಗಳಲ್ಲಿ ವಿಜ್ಞಾನದ ಸಲಹೆ ಕೊಟ್ಟವರು ಸೈನ್ಸ್ ಫಿಕ್ಷನ್ ಲೇಖಕ ಆರ್ಥರ್ ಸಿ. ಕ್ಲಾರ್ಕ್. ಮಕ್ಕಳ ಪತ್ರಿಕೆ ತಾನೇ, ಸುಮ್ನೆ ಏನೋ ಒಂದು ಬರೆದುಕೊಟ್ಟರಾಯಿತು ಅಂತ ಹ್ಯಾಂಪ್ಸನ್ ಒಂದು ಗೆರೆಯನ್ನೂ ಎಳೆಯಲಿಲ್ಲ. ಈ ಕಾಮಿಕ್ಸ್ ನನ್ನನ್ನು 50 ವರ್ಷ ಹಿಡಿದಿಟ್ಟಿರುವುದು ಇದೊಂದಕ್ಕೇ.

ನನಗೆ ಸಿಟ್ಟು ಬರುವ ಸಂಗತಿಯೂ ಇದೆ. ಡ್ಯಾನ್ ಡೇರ್ ಮೇಲೆ ಹ್ಯಾಂಪ್ಸನ್ ಅವರಿಗೆ ಹಕ್ಕೇ ಇರಲಿಲ್ಲ. 1959ರಲ್ಲಿ ಅವರು ಡ್ಯಾನ್ ಡೇರ್ ಬಿಟ್ಟರು. ಮುಂದೆ ಒಂದು ಕಾಲೇಜಿನಲ್ಲಿ ಗ್ರಾಫಿಕ್ಸ್ ಟೆಕ್ನಿಷಿಯನ್ ಆಗಿ ದುಡಿದರು. 1975ರಲ್ಲಿ ಇಟಲಿಯ ಲುಕ್ಕಾ ಉತ್ಸವದಲ್ಲಿ ಜಗತ್ತಿನ ಕಲಾವಿದರೆಲ್ಲ ಸೇರಿ ಅವರನ್ನು ಗೌರವಿಸಿದರು. ಅಷ್ಟು ಹೊತ್ತಿಗೆ 'ಈಗಲ್' ನಿಂತು 6 ವರ್ಷವಾಗಿತ್ತು.

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ಮೊಬೈಲಿನಲ್ಲಿ 'ಜಡ್ಜ್ ಡ್ರೆಡ್' ಓದುತ್ತಿದ್ದಾನೆ. ಬರೀ ಬಂದೂಕು, ರಕ್ತ. ಓದಲು ಬಿಡಬಹುದಾ ಸರ್?
(ಶಿಕ್ಷಕಿ, ಚಿತ್ರದುರ್ಗ)

ಈಗ ಬೇಡ ಮೇಡಂ. 15-16 ವರ್ಷ ಆಗಲಿ. ಆದರೆ ಅದು ಕೆಟ್ಟದ್ದು ಅಂತ ಹೇಳಿ ಕಸಿದುಕೊಳ್ಳಬೇಡಿ, ಯಾಕೆಂದರೆ ಅದು ಕೆಟ್ಟದ್ದಲ್ಲ. ಅದು ಬೇರೆಯದೇ ಕಾಲದ ಕೂಸು.

1970ರ ದಶಕದ ಬ್ರಿಟನ್ ಅಂದರೆ ಮುಷ್ಕರ, ನಿರುದ್ಯೋಗ. 1974ರ ಮೊದಲ ತಿಂಗಳುಗಳಲ್ಲಿ ಕರೆಂಟ್ ಉಳಿಸಲು ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು. ನಮ್ಮೂರಲ್ಲಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದನ್ನು ನೋಡಿದವರಿಗೆ ಅಂಥ ಬೀದಿಗಳ ಮುಖ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. '2000 ಎ.ಡಿ.' ಎಂಬ ವಾರಪತ್ರಿಕೆ ಬಂದಿದ್ದು ಆ ಬಿಸಿಯಲ್ಲೇ, 1977ರ ಫೆಬ್ರವರಿಯಲ್ಲಿ. ಬೆಲೆ 8 ಪೆನ್ಸ್. ಕಾಗದ ಅಗ್ಗದ್ದು, ಒಳಗೆ ಹೆಚ್ಚಾಗಿ ಕಪ್ಪು-ಬಿಳುಪು. ಅದನ್ನು ಕಟ್ಟಿದವರು ಪ್ಯಾಟ್ ಮಿಲ್ಸ್. 2000ನೇ ಇಸವಿಯವರೆಗೂ ಅದು ಬಾಳುತ್ತದೆ ಅಂತ ಆಗ ಯಾರೂ ಎಣಿಸಿರಲಿಲ್ಲ. ಇವತ್ತಿಗೂ ಪ್ರತಿ ವಾರ ಬರುತ್ತಿದೆ.

ಎರಡನೇ ಸಂಚಿಕೆಯಲ್ಲಿ ಡ್ರೆಡ್ ಬಂದ. ಆ ಪಾತ್ರವನ್ನು ಕಲ್ಪಿಸಿದ ಲೇಖಕರು ಜಾನ್ ವ್ಯಾಗ್ನರ್, ರೂಪ ಕೊಟ್ಟವರು ಸ್ಪೇನಿನ ಕಾರ್ಲೋಸ್ ಎಸ್ಕೆರಾ. ಮೆಗಾಸಿಟಿ ಒನ್ ಅನ್ನುವ ನಗರ, 80 ಕೋಟಿ ಜನ, ಕೆಲಸವೆಲ್ಲ ರೋಬೋಗಳ ಪಾಲು. ಅಲ್ಲಿ ಹಿಡಿಯುವವನು, ತೀರ್ಪು ಕೊಡುವವನು, ಶಿಕ್ಷೆ ಕೊಡುವವನು ಎಲ್ಲಾ ಒಬ್ಬನೇ. ವಕೀಲರಿಲ್ಲ, ಮೇಲ್ಮನವಿ ಇಲ್ಲ. ಎಸ್ಕೆರಾ ಬೆಳೆದಿದ್ದು ಫ್ರಾಂಕೋನ ಸರ್ವಾಧಿಕಾರದಲ್ಲಿ. ಡ್ರೆಡ್‌ನ ಹೆಗಲ ಮೇಲಿನ ಹದ್ದು, ಮುಖ ಕಾಣದ ಹೆಲ್ಮೆಟ್ ನೋಡಿ. ಸರ್ವಾಧಿಕಾರವನ್ನು ಕಣ್ಣಾರೆ ಕಂಡವರ ಗೆರೆ ಅದು.

ಹುಡುಗರು ಎಡವುವುದು ಇಲ್ಲೇ. ಅವನನ್ನು ಹೀರೋ ಅಂದುಕೊಳ್ಳುತ್ತಾರೆ. ಮಗ ದೊಡ್ಡವನಾದಾಗ ವ್ಯಾಗ್ನರ್ ಬರೆದು ಕಾಲಿನ್ ಮೆಕ್‌ನೀಲ್ ಚಿತ್ರ ಬರೆದ, 1990ರ 'ಅಮೆರಿಕ' ಎಂಬ ಕಥೆ ಕೊಡಿ. ಅಮೆರಿಕ ಅನ್ನುವುದು ಒಬ್ಬ ಹುಡುಗಿಯ ಹೆಸರು. ವಲಸೆ ಬಂದ ಬಡವರ ಮಗಳು. ಅವಳು ಕೇಳುವುದು ಪ್ರಜಾಪ್ರಭುತ್ವ. ಅವಳೆದುರು ನಿಲ್ಲುವವನು ಡ್ರೆಡ್. ಓದಿ ಮುಗಿಸಿದ ಮೇಲೆ ಮಗನ ಜೊತೆ ಕೂತು ಮಾತಾಡಿ. ಆಗ ಈ ಬಂದೂಕು ಯಾಕೆ ಅಂತ ಅವನೇ ನಿಮಗೆ ಹೇಳುತ್ತಾನೆ. ಸದ್ಯಕ್ಕೆ ಡ್ಯಾನ್ ಡೇರ್ ಕೊಡಿ, ಮರುಮುದ್ರಣ ಸಿಗುತ್ತದೆ.

ಪ್ರಶ್ನೆ: ನಮ್ಮ ಚಳ್ಳಕೆರೆ ಕಾವಲಿನಲ್ಲಿ ಇಸ್ರೋದವರು ಪುಷ್ಪಕ್ ಎಂಬ ರೆಕ್ಕೆಯ ಬಾಹ್ಯಾಕಾಶ ವಾಹನ ಇಳಿಸಿದರು. ಈ ಕಾಮಿಕ್ಸಿನವರು ಹೇಳಿದ್ದು ಏನಾದರೂ ನಿಜವಾಗಿದೆಯಾ?
(ಕೃಷಿಕ, ಚಳ್ಳಕೆರೆ)

ಒಂದು ವಿಷಯದಲ್ಲಿ ಮೈ ಜುಮ್ಮೆನ್ನುವಷ್ಟು ಹತ್ತಿರ ಬಂದಿದ್ದರು. 'ಡೈಲಿ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ 1950ರ ದಶಕದಿಂದ 'ಜೆಫ್ ಹಾಕ್' ಎಂಬ ಚಿತ್ರಕಥೆ ಬರುತ್ತಿತ್ತು. ಕಲಾವಿದ ಸಿಡ್ನಿ ಜೋರ್ಡನ್. 1959ರ ಒಂದು ಕಥೆಯಲ್ಲಿ, ಮನುಷ್ಯ ಚಂದ್ರನ ಮೇಲೆ ಮೊದಲು ಇಳಿದ ದಿನ 1969ರ ಆಗಸ್ಟ್ 4 ಅಂತ ತೋರಿಸಿದರು. ನಿಜವಾಗಿ ಇಳಿದಿದ್ದು 1969ರ ಜುಲೈ 20. ಹತ್ತು ವರ್ಷ ಮುಂಚೆ ಹೇಳಿದ ಮಾತು, 15 ದಿನದ ವ್ಯತ್ಯಾಸ.

ಶುಕ್ರಗ್ರಹದ ವಿಷಯದಲ್ಲಿ ಪೂರಾ ತಪ್ಪಿದರು. ಅಲ್ಲಿ ಕಾಡು, ಜನ, ಊರು ಎಲ್ಲಾ ಬರೆದರು. ಅಲ್ಲಿರುವುದು ಸುಮಾರು 460 ಡಿಗ್ರಿ ಸೆಲ್ಸಿಯಸ್ ಬಿಸಿ, ಮೇಲೆ ಗಂಧಕಾಮ್ಲದ ಮೋಡ. ಆದರೆ 1950ರಲ್ಲಿ ಆ ಮೋಡದ ಕೆಳಗೆ ಏನಿದೆ ಅಂತ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಥೆ ಹೇಳುವವರು ಪಂಚಾಂಗ ಬರೆಯುವವರಲ್ಲ ಅಲ್ವಾ.

ನೀವು ಕೇಳಿದ್ದರಿಂದ ಹೇಳುತ್ತೇನೆ. 2024ರ ಮಾರ್ಚ್ 22ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಪುಷ್ಪಕ್ ಅನ್ನು ನಾಲ್ಕೂವರೆ ಕಿಲೋಮೀಟರ್ ಮೇಲಿಂದ ಬಿಟ್ಟಿತು. ಅದು ತಾನೇ ದಾರಿ ಸರಿಮಾಡಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. ಆ ವಿಡಿಯೋ ನೋಡುವಾಗ ನನಗೆ 'ಈಗಲ್' ನಡುಪುಟ ನೆನಪಾಯಿತು. ಅಲ್ಲಿ ಪ್ರತಿ ವಾರ ಆಶ್‌ವೆಲ್ ವುಡ್ ಎಂಬ ಕಲಾವಿದರು ರೈಲು, ಹಡಗು, ವಿಮಾನಗಳನ್ನು ಹಲಸಿನಹಣ್ಣು ಸೀಳಿದ ಹಾಗೆ ಸೀಳಿ, ಒಳಗೆ ಏನೇನಿದೆ ಅಂತ ನಂಬರ್ ಹಾಕಿ ತೋರಿಸುತ್ತಿದ್ದರು. ನಿಮ್ಮ ಊರಿನ ಯಾವುದಾದರೂ ಮಗು ಪುಷ್ಪಕ್ ಅನ್ನು ಹಾಗೆ ಸೀಳಿ ಬರೆದರೆ ನನಗೆ ಕಳಿಸಿ. ಇದೇ ಅಂಕಣದಲ್ಲಿ ಹಾಕಿಸುತ್ತೇನೆ.

ಪ್ರಶ್ನೆ: ನಾನು ಕಾಮಿಕ್ಸ್ ಬರೆಯಬೇಕು. ಎಲ್ಲಿಂದ ಶುರು ಮಾಡಲಿ? ಟ್ಯಾಬ್ ಇಲ್ಲ.
(ಐ.ಟಿ.ಐ. ವಿದ್ಯಾರ್ಥಿ, ಹರಿಹರ)

ಟ್ಯಾಬ್ ಬೇಡ ತಮ್ಮಾ. ನಿಬ್ಬಿನ ಪೆನ್ನು, ಒಂದು ಸೀಸೆ ಇಂಡಿಯನ್ ಇಂಕ್, ಒಂದು ಬ್ರಶ್ ಸಾಕು. ಎಸ್ಕೆರಾ ಬರೆದ ಪುಟ ಹುಡುಕಿ ನೋಡು. ಆಕೃತಿಯ ಸುತ್ತ ದಪ್ಪ ಗೆರೆ, ಅದೂ ಮುರಿದು ಮುರಿದು ಹೋದಂತೆ ಇರುತ್ತದೆ. ಆಮೇಲೆ ಫ್ರಾಂಕ್ ಬೆಲಾಮಿ ಅವರ ಪುಟ ನೋಡು. ಹ್ಯಾಂಪ್ಸನ್ ಆದಮೇಲೆ ಡ್ಯಾನ್ ಡೇರ್ ಬರೆದವರು. ಅವರಲ್ಲಿ ಚೌಕಗಳೇ ಓರೆಯಾಗಿ ಸಿಡಿಯುತ್ತವೆ, ಕಥೆ ಓಡಿದ ಕಡೆಗೆ ಪುಟವೂ ಓಡುತ್ತದೆ. ಎರಡನ್ನೂ ನಕಲು ಮಾಡು. ಕೈ ಪಳಗುವವರೆಗೂ ನಕಲು ತಪ್ಪಲ್ಲ.

ಆಮೇಲೆ ಬಸ್ ಹತ್ತಿ ದುರ್ಗಕ್ಕೆ ಹೋಗು. ಚಂದ್ರವಳ್ಳಿಯ ಬಂಡೆಗಳ ಮುಂದೆ ಬೆಳಿಗ್ಗೆ ಏಳಕ್ಕೆ ಕೂತುಕೋ, ನೆರಳು ಉದ್ದ ಇರುವಾಗ. ಒಂದರ ಮೇಲೊಂದು ಕೂತ ಆ ಗುಂಡುಗಳಿಗಿಂತ ಬೇರೆ ಗ್ರಹ ನಿನಗೆ ಯಾಕೆ? 28 ವರ್ಷ ಅಲ್ಲೇ ಮೇಷ್ಟ್ರಾಗಿದ್ದೆ. ಮಕ್ಕಳಿಗೆ ಕೋಟೆ ಬರೆಸುವಾಗ ಆಕಾಶದಲ್ಲಿ ಎರಡು ಚಂದ್ರ ಇಡಿ ಅನ್ನುತ್ತಿದ್ದೆ. ಕೋಟೆ ಅದೇ, ಕಲ್ಲು ಅದೇ. ಎರಡನೇ ಚಂದ್ರ ಬಂದ ಕೂಡಲೇ ಕಥೆ ಶುರುವಾಗುತ್ತಿತ್ತು. ನೆರಳು ಎರಡು ಕಡೆ ಬೀಳಬೇಕು ಅಂತ ಮೊದಲು ಕಂಡುಹಿಡಿದವಳು ಐದನೇ ಕ್ಲಾಸಿನ ಒಬ್ಬ ಹುಡುಗಿ.

ಪ್ರಶ್ನೆ: ನನ್ನ ತಮಿಳು ಸ್ನೇಹಿತ 'ಇರುಂಬುಕ್ಕೈ ಮಾಯಾವಿ' ಅಂದರೆ ಪ್ರಾಣ ಬಿಡುತ್ತಾನೆ. ಅದೂ ಬ್ರಿಟಿಷ್ ಕಾಮಿಕ್ಸಾ?
(ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಹೌದು. ಮೂಲದ ಹೆಸರು 'ದಿ ಸ್ಟೀಲ್ ಕ್ಲಾ'. 1962ರಲ್ಲಿ 'ವೇಲಿಯಂಟ್' ಪತ್ರಿಕೆಯಲ್ಲಿ ಶುರುವಾಯಿತು, ಚಿತ್ರ ಸ್ಪೇನಿನ ಹೆಸುಸ್ ಬ್ಲಾಸ್ಕೋ ಅವರದ್ದು. ಕೈ ಕಳೆದುಕೊಂಡು ಉಕ್ಕಿನ ಕೈ ಹಾಕಿಸಿಕೊಂಡ ಒಬ್ಬ ಪ್ರಯೋಗಾಲಯದ ಸಹಾಯಕ. ಕರೆಂಟ್ ಹೊಡೆದರೆ ಅವನು ಮಾಯ, ಉಕ್ಕಿನ ಕೈ ಮಾತ್ರ ಕಾಣುತ್ತದೆ. 1972ರಲ್ಲಿ ಶಿವಕಾಶಿಯ ಮುತ್ತು ಕಾಮಿಕ್ಸ್ ಅವನನ್ನು ತಮಿಳಿಗೆ ತಂತು. ಕನ್ನಡದಲ್ಲಿ ಅಂಥದ್ದು ನನ್ನ ಕೈಗೆ ಸಿಗಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಎಲ್ಲಾ ಗಂಡುಹುಡುಗರ ಕಥೆಗಳೇ. ನಮಗೇನೂ ಇಲ್ಲವಾ?
(ಪಿ.ಯು. ವಿದ್ಯಾರ್ಥಿನಿ, ಹೊಳಲ್ಕೆರೆ)

ಇದೆ ಮಗಳೇ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಅದೇ. 1984ರಲ್ಲಿ '2000 ಎ.ಡಿ.'ಯಲ್ಲಿ ಶುರುವಾದ 'ಹೇಲೋ ಜೋನ್ಸ್'. ಬರೆದವರು ಆ್ಯಲನ್ ಮೂರ್, ಚಿತ್ರ ಇಯನ್ ಗಿಬ್ಸನ್. 50ನೇ ಶತಮಾನ. ಕೆಲಸ ಸಿಗದ ಬಡವರನ್ನೆಲ್ಲ ಸಮುದ್ರದ ಮೇಲೆ ತೇಲುವ ಬಳೆಯಂಥ ಊರಿನಲ್ಲಿ ಇಟ್ಟಿದ್ದಾರೆ. ಹೇಲೋ ಅಲ್ಲಿಯವಳು. ಅವಳಿಗೆ ಮಂತ್ರ ಇಲ್ಲ, ಶಕ್ತಿ ಇಲ್ಲ. ಮೊದಲ ಭಾಗದ ದೊಡ್ಡ ಸಾಹಸ ಏನು ಅಂದರೆ ಗೆಳತಿಯ ಜೊತೆ ಅಂಗಡಿಗೆ ಹೋಗಿ ಸಾಮಾನು ತರುವುದು. ಅಷ್ಟೇ. ಆ ದಾರಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಎಚ್ಚರವಾಗಿ ನಡೆಯಬೇಕು ಅನ್ನುವುದನ್ನು ಓದುತ್ತಾ ನಾನು ನನ್ನ ಅಕ್ಕಂದಿರನ್ನು ನೆನೆಸಿಕೊಂಡೆ. ಅವಳಿಗೆ ಇರುವುದು ಒಂದೇ ಆಸೆ, ಇಲ್ಲಿಂದ ಹೊರಗೆ ಹೋಗಬೇಕು. ಹೋಗುತ್ತಾಳೆ. ನೌಕೆಯಲ್ಲಿ ಚಾಕರಿ ಮಾಡುತ್ತಾಳೆ, ಸೈನಿಕಳಾಗುತ್ತಾಳೆ, ಯುದ್ಧದಲ್ಲಿ ಒಡೆದುಹೋಗುತ್ತಾಳೆ, ಮತ್ತೆ ಎದ್ದು ನಿಲ್ಲುತ್ತಾಳೆ.

ಒಂಬತ್ತು ಭಾಗ ಬರೆಯುವ ಯೋಚನೆ ಇತ್ತು. ಹಕ್ಕಿನ ವಿಷಯಕ್ಕೆ ಲೇಖಕರಿಗೂ ಪ್ರಕಾಶಕರಿಗೂ ಸರಿಹೋಗಲಿಲ್ಲ. ಮೂರಕ್ಕೇ ನಿಂತಿತು. ಹ್ಯಾಂಪ್ಸನ್ ಅವರಿಗೆ ಆದ ಅನ್ಯಾಯವೇ ಬೇರೆ ರೂಪದಲ್ಲಿ ಬಂತು. ಮೂರನೇ ಭಾಗದ ಕೊನೆಯಲ್ಲಿ ಹೇಲೋ ಒಂದು ನೌಕೆ ಹತ್ತಿ ಹೊರಡುತ್ತಾಳೆ. ಎಲ್ಲಿಗೆ ಅಂತ ಇಲ್ಲ.

ನನ್ನ ಹತ್ತಿರ ಮೂರೂ ಭಾಗ ಸೇರಿದ ಒಂದು ಪುಸ್ತಕ ಇದೆ. ಇಂಗ್ಲಿಷ್ ಸ್ವಲ್ಪ ಕಷ್ಟವಾದೀತು, ಚಿತ್ರ ನೋಡುತ್ತಾ ಹೋದರೆ ಸಿಗುತ್ತದೆ. ಪತ್ರಿಕೆಗೆ ಒಂದು ಕಾರ್ಡ್ ಹಾಕು. ಮುಂದಿನ ತಿಂಗಳು ಹೊಳಲ್ಕೆರೆ ಕಡೆ ಬರುವುದಿದೆ, ತಂದುಕೊಡುತ್ತೇನೆ.