ಬಾಗಿಲಿನ ಬ್ಲಾಕ್ ಬಗ್ಗೆ ನೀವು ಕಳಿಸಿದ ಲೇಖನಕ್ಕೆ ಉತ್ತರ

ನಮಸ್ಕಾರ. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್‌ನ ಬ್ಲಾಕ್ (ಒಮ್ಮೆ ಬರೆದು ಬೇಕಾದಲ್ಲೆಲ್ಲ ಇಡುವ ಚಿತ್ರ) ಒಳಗೆ ಲೇಯರ್‌ಗಳನ್ನು, ಅಂದರೆ ಗೆರೆಗಳನ್ನು ವಿಂಗಡಿಸಿ ಇಡುವ ಪದರಗಳನ್ನು, ಹೇಗೆ ಜೋಡಿಸಬೇಕು ಅಂತ ನೀವು ಬರೆದ ಲೇಖನ ಓದಿದೆ. ಡ್ರಾಫ್ಟ್ಸ್‌ಮನ್ ಸಿವಿಲ್ ಕಲಿಯುವ ಐಟಿಐ ಹುಡುಗರಿಗಾಗಿ ಬರೆದಿದ್ದೀರಿ. ಭಾಷೆ ಸರಳವಾಗಿದೆ, ಚಿತ್ರಗಳು ಸ್ಪಷ್ಟವಾಗಿವೆ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಕಾರಣ ಎರಡನೇ ಪುಟ. ಅದನ್ನು ಓದಿ ನನಗೆ ಸಿಟ್ಟೇ ಬಂತು.

ಆ ಪುಟ ಹೀಗೆ ಶುರುವಾಗುತ್ತದೆ: "ಬ್ಲಾಕ್ ಮಾಡುವಾಗ ಎಲ್ಲವನ್ನೂ ಲೇಯರ್ 0ಯಲ್ಲೇ ಬರೆಯಬೇಕು. ಇದು ನಿಯಮ." ಯಾಕೆ? ಮುಂದಿನ ಸಾಲಿನಲ್ಲಾದರೂ ಕಾರಣ ಬರುತ್ತದೆ ಅಂದುಕೊಂಡೆ. ಬಂದದ್ದು ಇಷ್ಟು: "ಲೇಯರ್ 0 ನೀರಿನ ಹಾಗೆ, ಹಾಕಿದ ಪಾತ್ರೆಯ ರೂಪ ಪಡೆಯುತ್ತದೆ." ಓದಲು ಚೆನ್ನಾಗಿದೆ. ಆದರೆ ಕಂಪ್ಯೂಟರ್ ಮುಂದೆ ಕೂತ ಹುಡುಗನಿಗೆ ಇದರಿಂದ ಏನು ತಿಳಿಯಿತು? ಸುಮ್ನೆ ನಡೆಯುವುದನ್ನೇ ಹೇಳಿ. ಪ್ರತಿ ಫೈಲಿನಲ್ಲೂ ಮೊದಲೇ ಇರುವ ಈ 0ಯಲ್ಲಿ ಬರೆದು, ಬಣ್ಣ, ಲೈನ್‌ಟೈಪ್ (ಗೆರೆಯ ಬಗೆ), ದಪ್ಪ ಮೂರನ್ನೂ ಬೈಲೇಯರ್ (ಲೇಯರ್‌ಗೆ ಕೊಟ್ಟದ್ದೇ ಗೆರೆಗೂ) ಇಟ್ಟು ಬ್ಲಾಕ್ ಮಾಡಿದರೆ, ಆ ಗೆರೆ ಬ್ಲಾಕನ್ನು ಯಾವ ಲೇಯರ್‌ನಲ್ಲಿ ಇನ್ಸರ್ಟ್ ಮಾಡುತ್ತೇವೋ ಆ ಲೇಯರ್‌ನ ಬಣ್ಣ, ದಪ್ಪ ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಬೇರೆ ಲೇಯರ್‌ನಲ್ಲಿ ಬರೆದ ಗೆರೆ ಬ್ಲಾಕ್ ಒಳಗೆ ಹೋದ ಮೇಲೂ ತನ್ನ ಲೇಯರ್‌ನಲ್ಲೇ ಉಳಿಯುತ್ತದೆ.

ಇದರಿಂದ ಲಾಭ ಏನು ಅನ್ನುವುದಕ್ಕೆ ಹಳೇ ಮನೆಯ ರಿನೋವೇಶನ್ ಡ್ರಾಯಿಂಗ್ ತೆಗೆದುಕೊಳ್ಳಿ. ಇರುವ ಬಾಗಿಲು, ಒಡೆಯುವ ಬಾಗಿಲು, ಹೊಸ ಬಾಗಿಲು, ಮೂರಕ್ಕೂ ಒಂದೇ ಬ್ಲಾಕ್. ಇನ್ಸರ್ಟ್ ಮಾಡುವುದು (ಡ್ರಾಯಿಂಗಿನಲ್ಲಿ ಇಡುವುದು) ಮಾತ್ರ ಮೂರು ಲೇಯರ್‌ಗಳಲ್ಲಿ, ಒಡೆಯುವುದರ ಲೇಯರ್‌ಗೆ ಚುಕ್ಕೆಗೆರೆ, ಹೊಸದರ ಲೇಯರ್‌ಗೆ ದಪ್ಪ ಗೆರೆ ಕೊಟ್ಟು. ಒಡೆಯುವುದು ತಾನಾಗಿಯೇ ಚುಕ್ಕೆಗೆರೆಯಲ್ಲಿ ಬರುತ್ತದೆ, ಹೊಸದು ದಪ್ಪ ಗೆರೆಯಲ್ಲಿ ಬರುತ್ತದೆ. ಈ ಒಂದು ಉದಾಹರಣೆ ಕೊಟ್ಟಿದ್ದರೆ ನಿಯಮ ಅನ್ನುವ ಪದವೇ ಬೇಕಾಗುತ್ತಿರಲಿಲ್ಲ, ಅಲ್ವಾ?

ಮೂರನೇ ಸಾಲು: "ಈಗ ಕೆಂಪು ಬಣ್ಣ ಆರಿಸಿಕೊಂಡು ಬಾಗಿಲಿನ ಶಟರ್ ಬರೆಯಿರಿ." ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಶಟರ್, ಅಂದರೆ ಕದ, ಲೇಯರ್ 0ಯಲ್ಲಿದ್ದರೂ ಅದರ ಗೆರೆಗೇ ಕೆಂಪು ಬಣ್ಣ ಕೊಟ್ಟರೆ, ಬ್ಲಾಕನ್ನು ಯಾವ ಲೇಯರ್‌ಗೆ ಹಾಕಿದರೂ ಆ ಗೆರೆ ಕೆಂಪಾಗಿಯೇ ಇರುತ್ತದೆ. ಬಣ್ಣ ನೋಡಿ ದಪ್ಪ ನಿರ್ಧರಿಸುವ ಸಿಟಿಬಿ ಫೈಲ್ ಇಟ್ಟುಕೊಂಡು ಪ್ಲಾಟ್ (ಪ್ರಿಂಟ್) ತೆಗೆಯುವ ಆಫೀಸಿನಲ್ಲಿ, ಕೆಂಪಿಗೆ ಯಾವ ದಪ್ಪ ಕೊಟ್ಟಿದ್ದಾರೋ ಅದೇ ದಪ್ಪದಲ್ಲಿ ಮೂರು ಬಾಗಿಲೂ ಅಚ್ಚಾಗುತ್ತವೆ. ಇರುವ ಬಾಗಿಲು, ಹೊಸ ಬಾಗಿಲು ಎರಡೂ ಹಾಳೆಯ ಮೇಲೆ ಒಂದೇ ಥರ ಕಂಡರೆ ಸೈಟಿನಲ್ಲಿರುವ ಮೇಸ್ತ್ರಿ ಯಾವುದನ್ನು ಹೊಸದಾಗಿ ಕೂರಿಸಬೇಕು? ಬಣ್ಣ ಬೈಲೇಯರ್ ಇರಲಿ. ಒಂದೊಂದು ಇನ್ಸರ್ಟ್‌ಗೂ ಬೇರೆ ಬೇರೆ ಬಣ್ಣ ಕೊಡುವ ಅನುಕೂಲ ಬೇಕಿದ್ದರೆ ಬೈಬ್ಲಾಕ್ ಇಡಿ. ಮೊದಲ ಸಾಲಿನಲ್ಲಿ ಕಟ್ಟಿದ್ದನ್ನು ನೀವು ಮೂರನೇ ಸಾಲಿನಲ್ಲಿ ಕೆಡವಿದ್ದೀರಿ.

ಇನ್ನೂ ಒಂದಿದೆ. ಎಲ್ಲವೂ 0ಯಲ್ಲಿರಬೇಕು ಅಂತ ಬರೆದ ನೀವೇ 3ನೇ ಚಿತ್ರದಲ್ಲಿ ಬಾಗಿಲು ತೆರೆಯುವ ದಿಕ್ಕು ತೋರಿಸುವ ಬಾಗಿದ ಗೆರೆಯನ್ನು, ಅಂದರೆ ಆರ್ಕ್ ಅನ್ನು, ಡೋರ್-ಸ್ವಿಂಗ್ ಎಂಬ ಬೇರೆ ಲೇಯರ್‌ನಲ್ಲಿ ಇಟ್ಟಿದ್ದೀರಿ. ಹಾಗೆ ಇಟ್ಟದ್ದು ಸರಿ! 1:50 ಪ್ಲಾನ್‌ನಲ್ಲಿ ಆರ್ಕ್ ಬೇಕು, 1:200 ಸೈಟ್ ಪ್ಲಾನ್‌ನಲ್ಲಿ ಬೇಡ. ಬೇರೆಯಾಗಿ ತೋರಿಸಬೇಕಾದ, ಮರೆಮಾಡಬೇಕಾದ ಭಾಗಕ್ಕೆ ಸ್ವಂತ ಲೇಯರ್ ಬೇಕೇ ಬೇಕು. ನಿಮ್ಮ ಕೈಗೆ ಇದು ಗೊತ್ತಿದೆ, ವಾಕ್ಯ ಮಾತ್ರ ಬೇರೆಯದನ್ನೇ ಹೇಳುತ್ತಿದೆ.

ನಾನು ಕಲಿತದ್ದು ಬೆಂಗಳೂರಿನ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ, ಆಟೋಕ್ಯಾಡ್ ರಿಲೀಸ್ 14 ಬಂದ ಹೊಸತು. ಅದು 1997ರದು. ಬ್ಲಾಕ್ ಎಡಿಟರ್ ಇರಲಿಲ್ಲ, ಅದು ಬಂದದ್ದು 2006ರ ಆವೃತ್ತಿಯಲ್ಲಿ. ಬ್ಲಾಕ್ ತಿದ್ದಬೇಕಾದರೆ ಇನ್ಸರ್ಟ್ ಮಾಡಿ, ಎಕ್ಸ್‌ಪ್ಲೋಡ್ ಮಾಡಿ (ಬಿಡಿ ಗೆರೆಗಳಾಗಿ ಬಿಡಿಸಿ), ತಿದ್ದಿ, ಅದೇ ಹೆಸರಿನಲ್ಲಿ ಮತ್ತೆ ಬ್ಲಾಕ್ ಮಾಡಬೇಕಿತ್ತು. ಎಕ್ಸ್‌ಪ್ಲೋಡ್ ಆದ ಕೂಡಲೇ 0ಯಲ್ಲಿ ಬರೆದ ಗೆರೆಗಳೆಲ್ಲ ವಾಪಸ್ 0ಗೆ ಬೀಳುತ್ತಿದ್ದವು, ಬೇರೆ ಲೇಯರ್‌ನವು ಅಲ್ಲೇ ನಿಲ್ಲುತ್ತಿದ್ದವು. ದಿನಾ ಅದನ್ನು ನೋಡಿ ನೋಡಿ ಬ್ಲಾಕ್ ಒಳಗೆ ಏನಿದೆ ಅಂತ ತಲೆಗೆ ಹತ್ತಿತು. ನನ್ನ ಸೀನಿಯರ್ ಮೊದಲು ಟ್ರೇಸಿಂಗ್ ಶೀಟ್ ಮೇಲೆ ರೋಟ್ರಿಂಗ್ ಪೆನ್ನಿನಲ್ಲಿ ಗೆರೆ ಎಳೆದು ಬಂದವರು. ಡ್ರಾಯಿಂಗ್ ಮುಗಿಸಿ ತೋರಿಸಿದರೆ ಅವರು ಅಳತೆ ನೋಡುತ್ತಿರಲಿಲ್ಲ. ಒಂದು ಲೇಯರ್ ಆಫ್ ಮಾಡಿ, "ಏನು ಹೋಯ್ತು, ಏನು ಉಳೀತು, ಯಾಕೆ?" ಅಂತ ಕೇಳುತ್ತಿದ್ದರು. ಆಮೇಲೆ ಅದನ್ನೇ ಫ್ರೀಜ್ ಮಾಡಿ (ಲೇಯರ್ ಮರೆಮಾಡುವ ಇನ್ನೊಂದು ಬಗೆ) ಮತ್ತೆ ಅದೇ ಪ್ರಶ್ನೆ. ಉತ್ತರ ಹೇಳುವ ತನಕ ಕುರ್ಚಿಯಿಂದ ಏಳುವ ಹಾಗಿಲ್ಲ.

ಅದಕ್ಕೇ ನಿಮ್ಮ ಏಳನೇ ಸಾಲು ನನ್ನನ್ನು ಚುಚ್ಚಿತು: "ಲೇಯರ್ ಅನ್ನು ಆಫ್ ಅಥವಾ ಫ್ರೀಜ್ ಮಾಡಬಹುದು, ಎರಡೂ ಒಂದೇ." ಒಂದೇ ಅಲ್ಲ. ಬ್ಲಾಕ್ ವಿಷಯದಲ್ಲಂತೂ ಖಂಡಿತ ಅಲ್ಲ. ನಿಮ್ಮದೇ ಬಾಗಿಲನ್ನು ಡೋರ್ ಲೇಯರ್‌ನಲ್ಲಿ ಇನ್ಸರ್ಟ್ ಮಾಡಿ, ಡೋರ್ ಆಫ್ ಮಾಡಿ. 0ಯಲ್ಲಿ ಬರೆದ ಶಟರ್ ಮರೆಯಾಗುತ್ತದೆ, ಆದರೆ ಆರ್ಕ್ ಮಾತ್ರ ಗೋಡೆಯ ಸಂದಿನಲ್ಲಿ ಒಂಟಿಯಾಗಿ ಉಳಿಯುತ್ತದೆ, ಯಾಕೆಂದರೆ ಅದರ ಲೇಯರ್ ಇನ್ನೂ ಆನ್ ಇದೆ. ಈಗ ಡೋರ್ ಫ್ರೀಜ್ ಮಾಡಿ. ಇಡೀ ಬ್ಲಾಕ್ ಹೋಗುತ್ತದೆ, ಒಳಗಿನ ಗೆರೆಗಳು ಯಾವ ಲೇಯರ್‌ನಲ್ಲಿದ್ದರೂ ಸರಿ. ಹೊಸಬರು ಒಂಟಿ ಆರ್ಕ್ ನೋಡಿ ಫೈಲೇ ಕೆಟ್ಟಿದೆ ಅಂತ ಗಾಬರಿಯಾಗುವುದು ಇದೇ ಜಾಗದಲ್ಲಿ. ನೀವು ಜಾಸ್ತಿ ಬರೆಯಬೇಕಾಗಿದ್ದ ಜಾಗಕ್ಕೆ ಎರಡು ಪದ ಕೊಟ್ಟು ಮುಂದೆ ಹೋಗಿದ್ದೀರಿ.

"ಬ್ಲಾಕ್ ಒಳಗೆ ಬ್ಲಾಕ್ ಇದ್ದರೂ ಹೀಗೆಯೇ" ಅನ್ನುವ ಕೊನೆಯ ಸಾಲು ಅರ್ಧ ನಿಜ. ಟಾಯ್ಲೆಟ್ ಬ್ಲಾಕ್ ಒಳಗೆ ವಾಶ್‌ಬೇಸಿನ್ ಬ್ಲಾಕ್ ಇದೆ ಅನ್ನಿ. ಬೇಸಿನ್ನನ್ನು ಒಳಗೆ 0ಯಲ್ಲೇ ಇನ್ಸರ್ಟ್ ಮಾಡಿದ್ದರೆ ಅದರ 0 ಗೆರೆಗಳು ಹೊರಗಿನ ಟಾಯ್ಲೆಟ್ ಬ್ಲಾಕ್ ಇರುವ ಲೇಯರ್‌ನ ತನಕ ಹೋಗುತ್ತವೆ. ಪ್ಲಂಬಿಂಗ್ ಲೇಯರ್‌ನಲ್ಲಿ ಇನ್ಸರ್ಟ್ ಮಾಡಿದ್ದರೆ ಅಲ್ಲಿಗೇ ನಿಲ್ಲುತ್ತವೆ. ಇದನ್ನು ಒಂದು ಚಿತ್ರದಲ್ಲಿ ತೋರಿಸಿ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಡೈನಮಿಕ್ ಬ್ಲಾಕ್ (ಇಟ್ಟ ಮೇಲೂ ಅಳತೆ, ಆಕಾರ ಬದಲಿಸಬಹುದಾದ ಬ್ಲಾಕ್) ಭಾಗವನ್ನು ತೆಗೆದು ಬೇರೆ ಲೇಖನ ಮಾಡಿ, ಆ ಜಾಗವನ್ನು ಎರಡನೇ ಪುಟಕ್ಕೆ ಕೊಡಿ. "ಬಳಸಲಾಗುತ್ತದೆ, ಮಾಡಲಾಗುತ್ತದೆ" ಅನ್ನುವುದನ್ನೂ ಬಿಡಿ, "ಮಾಡಿ, ನೋಡಿ" ಅನ್ನಿ. ಪ್ರತಿ ಸಾಲು ಬರೆಯುವ ಮೊದಲು ಫೈಲ್ ತೆರೆದು ಆ ಲೇಯರ್ ಆಫ್ ಮಾಡಿ, ಫ್ರೀಜ್ ಮಾಡಿ, ಕಂಡದ್ದನ್ನು ಬರೆಯಿರಿ. ಮತ್ತೆ ಕಳಿಸುವಾಗ ಬಾಗಿಲಿನ ಡ್ರಾಯಿಂಗ್ ಫೈಲೂ ಜೊತೆಗಿರಲಿ. ನಾನೂ ತೆರೆದು ನೋಡುತ್ತೇನೆ.