ಬಿಸಿಲ್ಗುದುರೆಯ ವಿಡಿಯೋ ಕಲಸಿಹೋಗುತ್ತಿದ್ದರೆ

ತೊಂದರೆ ಇರುವುದು ಬಹುಶಃ ಫೋನಿನ ಜೂಮ್‌ನಲ್ಲಿ. ಅಮೆರಿಕದ ವಿಡಿಯೋ ಕಲಾವಿದ ಬಿಲ್ ವಯೋಲಾ 1979ರಲ್ಲಿ ಟುನೀಶಿಯಾದ ಉಪ್ಪಿನ ಬಯಲಲ್ಲಿ ತೆಗೆದ ಬಿಸಿಲ್ಗುದುರೆಗಳಂತೆ ಫೋನಿನಲ್ಲಿ ಜೂಮ್ ಮಾಡಿ ತೆಗೆಯಲು ಹೋದರೆ ಚೌಕ ಚೌಕವಾಗಿ ಕಲಸಿದ ಚಿತ್ರ ಬಂತು ಅಂದಿರಿ. 10 ಪಟ್ಟು ಜೂಮ್‌ನಲ್ಲಿ ಹೆಚ್ಚಿನ ಫೋನುಗಳು ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತವೆ. ಗಾಳಿಯ ನಡುಕವನ್ನೂ ದೋಷ ಅಂತ ಒರೆಸಿಬಿಡುತ್ತವೆ. ವಯೋಲಾ ಬಳಸಿದ್ದು ನಿಜವಾದ ಟೆಲಿಫೋಟೋ ಲೆನ್ಸ್, ಅಂದರೆ ದೂರದ್ದನ್ನು ಗಾಜಿನಿಂದಲೇ ಹತ್ತಿರ ತೋರಿಸುವ ಉದ್ದದ ಲೆನ್ಸ್.

ಮೊದಲು ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗೆ 300 ಮಿ.ಮೀ. ಅಥವಾ ಇನ್ನೂ ಉದ್ದದ ಲೆನ್ಸ್ ಬಾಡಿಗೆಗೆ ತನ್ನಿ. ಗಟ್ಟಿ ಟ್ರೈಪಾಡ್ ಮೇಲೆ ಕೂರಿಸಿ, ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ಸೌಲಭ್ಯ) ಆಫ್ ಮಾಡಿ. ಫೋಕಸ್ ಕೈಯಲ್ಲೇ ಮಾಡಿ. ಆಟೋ ಫೋಕಸ್ ನಡುಗುವ ಗಾಳಿಯಲ್ಲಿ ಸುಮ್ನೆ ತಡಕಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಎತ್ತರ. ನೀವು ನಿಂತು ತೆಗೆದಿರಿ, ಅಲ್ವಾ? ನೆಲಕ್ಕೆ ತಾಗಿದ ಗಾಳಿಯೇ ಜಾಸ್ತಿ ಬಿಸಿ. ಅದರಲ್ಲಿ ಓರೆಯಾಗಿ ಬರುವ ಬೆಳಕು ಬಾಗುವುದರಿಂದ ಆಕಾಶವೇ ನೆಲದ ಮೇಲೆ ನೀರಿನ ಹಾಗೆ ಕಾಣುತ್ತದೆ. ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗಿಳಿಸಿ. ಒಂದೊಂದು ಗೇಣು ಇಳಿಸಿದ ಹಾಗೆ ಆ ನೀರು ನಿಮ್ಮ ಹತ್ತಿರ ಹರಿದು ಬರುವುದನ್ನು ವ್ಯೂಫೈಂಡರ್‌ನಲ್ಲೇ ನೋಡುತ್ತೀರಿ. ನನಗಂತೂ ಆ ಗಳಿಗೆ ಬಹಳ ಇಷ್ಟ.

ಗಾಳಿ ಕಮ್ಮಿ ಇರುವ ಬಿರುಬಿಸಿಲಿನ ಮಧ್ಯಾಹ್ನ, ಸಮತಟ್ಟಾದ ಬಯಲು ಹುಡುಕಿ. ಸ್ನೇಹಿತರೊಬ್ಬರಿಗೆ ಸುಮಾರು ಒಂದು ಕಿಲೋಮೀಟರ್ ದೂರದಿಂದ ನಡೆದು ಬರಲು ಹೇಳಿ. ನಡುವೆ ಎಲ್ಲೂ ನಿಲ್ಲಿಸದೆ ರೆಕಾರ್ಡ್ ಮಾಡಿ. ಬರುತ್ತಿರುವುದು ಮನುಷ್ಯನಾ, ಕಂಬವಾ ಅಂತ ಕಣ್ಣಿಗೆ ಗೊತ್ತಾಗದ ಆ ಹೊತ್ತನ್ನು ಎಡಿಟಿಂಗ್‌ನಲ್ಲೂ ಕತ್ತರಿಸಬೇಡಿ.

ಷಟರ್ ವೇಗ ಇಷ್ಟೇ ಅಂತ ಹೇಳಲಾಗದು, ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. 1/50 ಮತ್ತು 1/200 ಸೆಕೆಂಡ್ ಎರಡರಲ್ಲೂ ತೆಗೆದು ಹೋಲಿಸಿ. ಬಿಟ್‌ರೇಟ್ (ಸೆಕೆಂಡಿಗೆ ದಾಖಲಾಗುವ ಡೇಟಾದ ಪ್ರಮಾಣ) ಕ್ಯಾಮೆರಾದಲ್ಲಿರುವ ಅತಿ ಹೆಚ್ಚಿನದಕ್ಕೇ ಇರಲಿ.